ಪೋರ್ಚುಗಲ್‌ನಿಂದ ಆಂಡಲೂಸಿಯಾದವರೆಗೆ ರೈಲಿನಲ್ಲಿ: ಹಣ ಎಲ್ಲಿ ಸಾರ್ಥಕ, ಎಲ್ಲಿ ಅಲ್ಲ

ಲಿಸ್ಬನ್, ಕೊಯಿಂಬ್ರಾ, ಪೋರ್ಟೊ, ಸ್ಯಾಂಟಿಯಾಗೊ, ಮ್ಯಾಡ್ರಿಡ್, ಆಮೇಲೆ ಸ್ಪೇನಿನ ದಕ್ಷಿಣದ ಆಂಡಲೂಸಿಯಾ ಪ್ರಾಂತ್ಯದ ಕೊರ್ಡೋಬಾ, ಕೊನೆಗೆ ರೋಂಡಾ. ಹೀಗೆ ಊರಿಂದೂರಿಗೆ ರೈಲಿನಲ್ಲೇ ಸಾಗುವ ಪ್ರವಾಸವನ್ನು ನಾವು ಒಂದು ಪ್ರವಾಸ ಸಂಸ್ಥೆಯ ಮೂಲಕ ಕೊಂಡು ಹೋಗಿಬಂದೆವು. ಇಷ್ಟು ಉದ್ದದ ದಾರಿಯಲ್ಲಿ ಕಣ್ಣಿಗೆ ನಿಜವಾದ ಹಬ್ಬವಾದ ರೈಲು ಮಾರ್ಗಗಳು ಮೂರು ಮಾತ್ರ: ಪೋರ್ಟೊದಿಂದ ಪೂರ್ವಕ್ಕೆ ಹೋಗುವ ಡೌರೊ ನದಿಯ ಮಾರ್ಗ, ಪೋರ್ಟೊದಿಂದ ಉತ್ತರಕ್ಕೆ ಮಿನ್ಯೊ ನದಿಯನ್ನು ದಾಟಿ ಸ್ಪೇನ್ ಸೇರುವ ಮಾರ್ಗ, ಮತ್ತು ದಕ್ಷಿಣದಲ್ಲಿ ರೋಂಡಾದಿಂದ ಅಲ್ಹೆಸಿರಾಸ್‌ಗೆ ಇಳಿಯುವ ಮಾರ್ಗ. ಮೂರೂ ನಿಧಾನದ ರೈಲುಗಳು, ಮೂರರ ಟಿಕೆಟ್ಟೂ ಅಗ್ಗ. ಆದರೆ ಪ್ಯಾಕೇಜಿನ ಹಣದಲ್ಲಿ ದೊಡ್ಡ ಪಾಲು ಹೋಗುವುದು ವೇಗದ ರೈಲುಗಳಿಗೆ ಮತ್ತು ದೊಡ್ಡ ಊರುಗಳ ಹೋಟೆಲುಗಳಿಗೆ. ಪ್ರವಾಸವನ್ನು ಈ ಮೂರು ಮಾರ್ಗಗಳ ಸುತ್ತ ಕಟ್ಟಿಕೊಂಡರೆ ಅದು ಬಹಳ ಒಳ್ಳೆಯ ಪ್ರವಾಸ; ಉಳಿದವುಗಳ ಸುತ್ತ ಕಟ್ಟಿದರೆ ಅಚ್ಚುಕಟ್ಟಾದ ಸಾರಿಗೆ ವ್ಯವಸ್ಥೆ, ಅಷ್ಟೇ.

ನಕ್ಷೆಯಲ್ಲಿ ನೋಡಿದವರಿಗೆ ಈ ದಾರಿ ಸುತ್ತುಬಳಸು ಎನಿಸಬಹುದು. ಲಿಸ್ಬನ್ ಮತ್ತು ಮ್ಯಾಡ್ರಿಡ್ ಪಕ್ಕಪಕ್ಕದ ದೇಶಗಳ ರಾಜಧಾನಿಗಳಾದರೂ ಅವೆರಡರ ನಡುವೆ ಓಡುತ್ತಿದ್ದ ರಾತ್ರಿ ರೈಲು 2020ರ ಮಾರ್ಚ್‌ನಲ್ಲಿ ನಿಂತಿತು. ಗಡಿಯ ಊರಾದ ಬಾದಾಹೋಸ್ ಮೂಲಕ ಹಗಲಿನಲ್ಲಿ ಹೋಗಬಹುದು, ಆದರೆ ದಾರಿಯಲ್ಲಿ ಮತ್ತೆ ಮತ್ತೆ ರೈಲು ಬದಲಿಸಬೇಕು. ಹಾಗಾಗಿ ಉತ್ತರಕ್ಕೆ ಏರಿ, ಸ್ಪೇನಿನ ಗಲೀಸಿಯಾ ಪ್ರಾಂತ್ಯವನ್ನು ಬಳಸಿ ಮ್ಯಾಡ್ರಿಡ್‌ಗೆ ಬರುವುದು ಸುತ್ತಾದರೂ ಜಾಣತನದ ದಾರಿ, ಮತ್ತು ಮೂರರಲ್ಲಿ ಎರಡು ಸುಂದರ ಮಾರ್ಗಗಳು ಆ ಸುತ್ತಿನಲ್ಲೇ ಸಿಗುತ್ತವೆ. ಈ ಯೋಜನೆಗಾಗಿ ಸಂಸ್ಥೆಯನ್ನು ಮೆಚ್ಚಲೇಬೇಕು.

ಲಿಸ್ಬನ್‌ನಿಂದ ಪೋರ್ಟೊಗೆ ಹೋಗುವ ಆಲ್ಫಾ ಪೆಂಡುಲಾರ್ ರೈಲು ಮೂರು ಗಂಟೆಯ ಒಳಗೋ ಹೊರಗೋ ತಲುಪಿಸುತ್ತದೆ. ತಿರುವುಗಳಲ್ಲಿ ಬೋಗಿ ತಾನೇ ಒಳಕ್ಕೆ ವಾಲುವ ಈ ರೈಲು ಆರಾಮದ್ದು, ಸ್ವಚ್ಛವಾದದ್ದು; ಕಿಟಕಿಯಾಚೆಗೆ ಹೇಳಿಕೊಳ್ಳುವಂಥದ್ದು ಕಡಿಮೆ. ನಡುವೆ ಕೊಯಿಂಬ್ರಾದಲ್ಲಿ ಇಳಿದು ಒಂದು ರಾತ್ರಿ ತಂಗುವ ವ್ಯವಸ್ಥೆ ಚೆನ್ನಾಗಿತ್ತು. ಗುಡ್ಡದ ಮೇಲಿನ ಹಳೆಯ ವಿಶ್ವವಿದ್ಯಾಲಯದ ಜೊಆನೀನಾ ಗ್ರಂಥಾಲಯದಲ್ಲಿ ಪುಸ್ತಕ ತಿನ್ನುವ ಹುಳುಗಳನ್ನು ಬಾವಲಿಗಳು ಹಿಡಿದು ತಿನ್ನುತ್ತವೆ, ರಾತ್ರಿ ಅವುಗಳ ಹಿಕ್ಕೆ ಬೀಳದಂತೆ ಮೇಜುಗಳಿಗೆ ಚರ್ಮದ ಹೊದಿಕೆ ಹಾಕುತ್ತಾರೆ. ರೈಲು ಪೋರ್ಟೊ ಹೊಗುವಾಗ ಡೌರೊ ಕಣಿವೆಯನ್ನು ಎತ್ತರದ ಕಾಂಕ್ರೀಟ್ ಸೇತುವೆಯ ಮೇಲೆ ದಾಟುತ್ತದೆ. ಆಗ ಪಕ್ಕದಲ್ಲಿ ಕಾಣುವ ಕಬ್ಬಿಣದ ಕಮಾನು ಮರಿಯಾ ಪಿಯಾ ಸೇತುವೆ. ಐಫೆಲ್ ಕಂಪನಿ 1877ರಲ್ಲಿ ಕಟ್ಟಿದ ಅದರ ಮೇಲೆ 1991ರವರೆಗೂ ರೈಲು ಓಡುತ್ತಿತ್ತು.

ಇನ್ನು ಡೌರೊ ಮಾರ್ಗ. ಇಡೀ ಪ್ರವಾಸದ ಬೆಲೆ ಇಲ್ಲೇ ಇದೆ, ನಮ್ಮ ಪ್ಯಾಕೇಜು ಎಡವಿದ್ದೂ ಇಲ್ಲೇ. ಸಂಸ್ಥೆಯವರ ಪಟ್ಟಿಯಲ್ಲಿ ಇದು ‘ಒಂದು ದಿನದ ವಿಹಾರ’: ಬೆಳಿಗ್ಗೆ ಬಸ್ಸಿನಲ್ಲಿ ರೇಗ್ವಾ ಪಟ್ಟಣಕ್ಕೆ, ಅಲ್ಲಿ ದೋಣಿಯಲ್ಲಿ ಊಟ, ಸಂಜೆ ರೈಲಿನಲ್ಲಿ ಪೋರ್ಟೊಗೆ. ಆದರೆ ಕಣಿವೆ ಕಿರಿದಾಗಿ, ಹಳಿ ನೀರಿನ ಅಂಚಿಗೇ ಬಂದು ನಿಲ್ಲುವುದು ರೇಗ್ವಾದ ಆಚೆಗೆ. ದಾರಿ ಚೆಲುವಾಗುವ ಜಾಗದಲ್ಲೇ ವಾಪಸು ತಿರುಗಿಸುವ ಈ ಏರ್ಪಾಡು, ಡೌರೊ ಮಾರ್ಗವನ್ನು ಕೊನೆಯವರೆಗೂ ನೋಡದವರು ಮಾಡಿದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಾವು ಆ ವಿಹಾರವನ್ನು ಬಿಟ್ಟು, ನಿಲ್ದಾಣದಲ್ಲೇ ಟಿಕೆಟ್ ಕೊಂಡು, ಕೊನೆಯ ನಿಲ್ದಾಣವಾದ ಪೊಸಿನ್ಯೊವರೆಗೆ ಹೋದೆವು. ಬಿಟ್ಟ ವಿಹಾರದ ಹಣ ವಾಪಸು ಬರಲಿಲ್ಲ.

ಹೊರಡುವ ಮುಂಚೆ ಪೋರ್ಟೊದ ಸಾವ್ ಬೆಂತೊ ನಿಲ್ದಾಣದಲ್ಲಿ ಅರ್ಧ ಗಂಟೆಯನ್ನಾದರೂ ಕಳೆಯಬೇಕು. ಅದರ ಪ್ರಾಂಗಣದ ಗೋಡೆಗಳಲ್ಲಿ ಸುಮಾರು 20,000 ನೀಲಿ ಹಂಚುಗಳಿವೆ. ಜೊರ್ಜ್ ಕೊಲಾಸೊ ಎಂಬ ಕಲಾವಿದ ಚಿತ್ರಿಸಿದವು. 1415ರಲ್ಲಿ ಪೋರ್ಚುಗೀಸರು ಆಫ್ರಿಕಾದ ಸೆಯುಟಾ ನಗರವನ್ನು ಗೆದ್ದ ದೃಶ್ಯವೂ ಅದರಲ್ಲಿದೆ. ಭಾರತದ ಪಶ್ಚಿಮ ಕರಾವಳಿಯವರೆಗೆ ಬಂದ ಆ ಸಾಮ್ರಾಜ್ಯದ ಕಥೆ ಶುರುವಾದದ್ದು ಆ ಗೆಲುವಿನಿಂದ ಎಂದು ನೆನೆದಾಗ, ನಮ್ಮಂಥವರು ಆ ಗೋಡೆಯನ್ನು ಬರಿಯ ಅಲಂಕಾರವೆಂದು ನೋಡಲಾರೆವು.

ರೈಲಿನಲ್ಲಿ ಹೋಗುವಾಗ ಬಲಗಡೆಯ ಕಿಟಕಿಯಲ್ಲಿ ಕೂರಬೇಕು. ಮೊದಲ ಒಂದು ಗಂಟೆಗೂ ಹೆಚ್ಚು ಕಾಲ ಮನೆಗಳು, ಹೊಲಗಳು, ಸಣ್ಣಪುಟ್ಟ ನಿಲ್ದಾಣಗಳು ಮಾತ್ರ. ಆಮೇಲೆ ಒಂದು ಸುರಂಗದಿಂದ ಹೊರಬಂದು ಕೆಳಗಿಳಿಯುತ್ತಿದ್ದಂತೆ ನದಿ ಬಲಕ್ಕೆ ತೆರೆದುಕೊಳ್ಳುತ್ತದೆ, ಅಲ್ಲಿಂದ ಮುಂದೆ ಬಹುದೂರ ಅದು ರೈಲಿನ ಕೈಬಿಡುವುದಿಲ್ಲ. ರೇಗ್ವಾ ದಾಟಿದ ಮೇಲೆ ಎರಡೂ ದಡಗಳಲ್ಲಿ ನೀರಿನಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟಗಳು. ಪದರ ಪದರವಾಗಿ ಸೀಳುವ ಕಲ್ಲನ್ನು ಒಡೆದು, ಗಾರೆಯಿಲ್ಲದೆ ಗೋಡೆ ಕಟ್ಟಿ, ಆ ಕಲ್ಲಿನ ಪುಡಿಯಲ್ಲೇ ಬಳ್ಳಿ ನೆಟ್ಟ ಬೆಟ್ಟಗಳು ಇವು. ನಡುನಡುವೆ ಬಳ್ಳಿಯಿಲ್ಲದೆ ಪೊದೆ ಬೆಳೆದ, ಗೋಡೆ ಕುಸಿದ ಮೆಟ್ಟಿಲುಗಳೂ ಕಾಣುತ್ತವೆ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಬಂದು ತೋಟಗಳನ್ನು ನಾಶ ಮಾಡಿದಾಗ ರೈತರು ಕೈಬಿಟ್ಟ ನೆಲ ಅದು. ಕೆಲವೆಡೆ ಈಗ ಆಲಿವ್ ಮರಗಳಿವೆ. 1756ರಲ್ಲಿ ಪೋರ್ಚುಗಲ್‌ನ ಮಂತ್ರಿ ಪೊಂಬಾಲ್ ಗುರುತಿಸಿ, ಆಮೇಲೆ ಗಡಿ ಕಲ್ಲು ನೆಡಿಸಿದ ಈ ವೈನ್ ಪ್ರದೇಶ 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ವೈನ್ ಮುಟ್ಟದವರಿಗೂ ಇಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿ ಕಾಡಿನ ಮತ್ತು ಕಂದರದ ಚೆಲುವಾದರೆ, ಇದು ನೀರಿನ ಮತ್ತು ಮನುಷ್ಯನ ದುಡಿಮೆಯ ಚೆಲುವು.

ಪಿನ್ಯಾವ್ ನಿಲ್ದಾಣದಲ್ಲಿ ಇಳಿಯಲೇಬೇಕು. ಪುಟ್ಟ ಬಿಳಿ ಕಟ್ಟಡದ ಹೊರಗೋಡೆಗಳ ಮೇಲೆ 1937ರಲ್ಲಿ ಕೂರಿಸಿದ 24 ಹಂಚಿನ ಚಿತ್ರಗಳಿವೆ. ಬುಟ್ಟಿ ಹೊತ್ತ ಸುಗ್ಗಿಯ ಕೂಲಿಗಳು, ಎತ್ತಿನ ಗಾಡಿ, ಪೀಪಾಯಿ ಸಾಗಿಸುವ ಚಪ್ಪಟೆ ತಳದ ದೋಣಿ, ಅಣೆಕಟ್ಟುಗಳು ಬರುವ ಮುಂಚಿನ ನದಿ. ಹಂಚನ್ನು ನೋಡಿ ಕತ್ತೆತ್ತಿದರೆ ಎದುರಿಗೆ ಅದೇ ಬೆಟ್ಟ. ನದಿ ಮಾತ್ರ ಬೇರೆ: ಚಿತ್ರದ ಕಾಲಕ್ಕೆ ಬಂಡೆಗಳ ನಡುವೆ ಭೋರ್ಗರೆಯುತ್ತಿದ್ದ ನೀರು ಈಗ ಅಣೆಕಟ್ಟಿನ ಹಿಂದೆ ಕೆರೆಯ ಹಾಗೆ ನಿಂತಿದೆ. ಪ್ಯಾಕೇಜಿನಲ್ಲಿ ಪೋರ್ಟೊಗೆ ಕೊಟ್ಟ ರಾತ್ರಿಗಳಲ್ಲಿ ಒಂದನ್ನು ತೆಗೆದು ಇಲ್ಲಿಗೆ ಕೊಡಬೇಕು, ಏಕೆಂದರೆ ಹಗಲಿನ ಪ್ರವಾಸಿಗರು ಹೊರಟ ಮೇಲೆ, ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಆ ಕಲ್ಲಿನ ಗೋಡೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗುತ್ತವೆ.

ಪಿನ್ಯಾವ್‌ನ ಆಚೆ ಪ್ರಯಾಣಿಕರು ವಿರಳ, ನೆಲ ಒರಟು. ವಲೇರಾ ಎಂಬಲ್ಲಿ ಕಣಿವೆ ಇಕ್ಕಟ್ಟಾಗುತ್ತದೆ. ಡೌರೊ ನದಿಯ ನಕ್ಷೆ ಬರೆದ ಜೋಸೆಫ್ ಜೇಮ್ಸ್ ಫಾರೆಸ್ಟರ್ ಎಂಬ ಬ್ರಿಟಿಷ್ ವೈನ್ ವ್ಯಾಪಾರಿ 1861ರಲ್ಲಿ ಇಲ್ಲಿಯ ಸುಳಿಯಲ್ಲೇ ದೋಣಿ ಮಗುಚಿ ಮುಳುಗಿಹೋದ. ಫೆರಡೋಜಾದ ಹತ್ತಿರ ರೈಲು ನದಿಯನ್ನು ದಾಟಿ ದಕ್ಷಿಣ ದಡಕ್ಕೆ ಹೋಗುತ್ತದೆ, ಆಗ ಎಡಗಡೆಯ ಕಿಟಕಿಗೆ ಬದಲಾಗಬೇಕು. ಪೊಸಿನ್ಯೊದಲ್ಲಿ ಹಳಿ ಮುಗಿಯುವುದಿಲ್ಲ, ಸೇವೆ ಮಾತ್ರ ಮುಗಿಯುತ್ತದೆ. ಸ್ಪೇನಿನ ಗಡಿಯವರೆಗೆ ಹೋಗುತ್ತಿದ್ದ ಮುಂದಿನ ಭಾಗವನ್ನು 1988ರಲ್ಲಿ ಮುಚ್ಚಿದರು. ಈ ಊರಿನಲ್ಲಿ ನೋಡಲು ಹೆಚ್ಚೇನೂ ಇಲ್ಲ, ವಾಪಸು ರೈಲಿನ ಸಮಯವನ್ನು ಮೊದಲೇ ನೋಡಿಕೊಂಡು ಹೋಗಬೇಕು.

ಎರಡನೆಯ ಮಾರ್ಗ ಉತ್ತರದ್ದು. ಪೋರ್ಟೊದ ಕಾಂಪಾನ್ಯಾ ನಿಲ್ದಾಣದಿಂದ ಸ್ಪೇನಿನ ವೀಗೊಗೆ ಹೋಗುವ ಸೆಲ್ಟಾ ರೈಲು ನೋಡಲು ಸಾಧಾರಣ ಡೀಸೆಲ್ ಬಂಡಿ. ವಿಯಾನಾ ದೊ ಕಾಸ್ತೆಲೊದಲ್ಲಿ ಅದು ಲೀಮಾ ನದಿಯನ್ನು 1878ರ ಎರಡಂತಸ್ತಿನ ಕಬ್ಬಿಣದ ಸೇತುವೆಯ ಮೇಲೆ ದಾಟುತ್ತದೆ. ಅದೂ ಐಫೆಲ್ ಕಂಪನಿಯದೇ. ಅಲ್ಲಿ ಮೇಲೆ ರಸ್ತೆ, ಕೆಳಗೆ ರೈಲು. ವಾಲೆನ್ಸಾ ಮತ್ತು ಟುಯಿ ಊರುಗಳ ನಡುವೆ ಮಿನ್ಯೊ ನದಿಯ ಮೇಲಿರುವ 1886ರ ಗಡಿ ಸೇತುವೆಯಲ್ಲಿ ಇದು ತಿರುವುಮುರುವು: ಕೆಳಗೆ ರಸ್ತೆ, ಮೇಲೆ ರೈಲು. ಗಡಿ ದಾಟುವಾಗ ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕು. ವೀಗೊದಲ್ಲಿ ಎರಡು ನಿಲ್ದಾಣಗಳಿವೆ ಎಂಬುದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಸೆಲ್ಟಾ ನಿಲ್ಲುವುದು ಗ್ವಿಶಾರ್‌ನಲ್ಲಿ, ಸ್ಯಾಂಟಿಯಾಗೊಗೆ ಹೋಗುವ ಬಹುಪಾಲು ರೈಲುಗಳು ಹೊರಡುವುದು ಏರುದಾರಿಯ ಮೇಲಿನ ಉರ್ಸಾಯಿಸ್‌ನಿಂದ. ಸೂಟ್‌ಕೇಸ್ ಇದ್ದವರು ಟ್ಯಾಕ್ಸಿ ಹಿಡಿಯುವುದೇ ಒಳ್ಳೆಯದು.

ಸ್ಯಾಂಟಿಯಾಗೊದಿಂದ ಮ್ಯಾಡ್ರಿಡ್‌ಗೆ ಬರುವ ವೇಗದ ರೈಲಿನಲ್ಲಿ ಸುರಂಗಗಳೇ ಹೆಚ್ಚು, ನೋಟ ಕಡಿಮೆ. ಆದರೂ ಈ ದಾರಿಯಲ್ಲಿ ರೈಲನ್ನು ಪ್ರೀತಿಸುವವರು ಎದ್ದು ಕೂರಬೇಕಾದ ಜಾಗ ಒಂದಿದೆ. ಸ್ಪೇನ್ ಮತ್ತು ಪೋರ್ಚುಗಲ್‌ಗಳ ಹಳೆಯ ಹಳಿಗಳ ಅಗಲ 1668 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676, ಅಂದರೆ ವ್ಯತ್ಯಾಸ ಬರೀ ಎಂಟು ಮಿಲಿಮೀಟರ್. ಆದರೆ ಸ್ಪೇನಿನ ಹೊಸ ವೇಗದ ಮಾರ್ಗಗಳನ್ನು ಯುರೋಪಿನ ಬಹುಪಾಲು ದೇಶಗಳಂತೆ 1435 ಮಿಲಿಮೀಟರ್‌ಗೆ ಹಾಕಿದ್ದಾರೆ. ಹಾಗಾಗಿ ಔರೆನ್ಸೆ ಊರಿನ ಬಳಿ ರೈಲು ಬಹಳ ನಿಧಾನವಾಗಿ ಒಂದು ಶೆಡ್ಡಿನೊಳಗೆ ನುಗ್ಗುತ್ತದೆ. ಅಲ್ಲಿ ಬೋಗಿಯ ಭಾರವನ್ನು ಪಕ್ಕದ ಪಟ್ಟಿಗಳು ಹೊರುತ್ತವೆ, ಚಕ್ರಗಳ ಬೀಗ ಬಿಚ್ಚಿಕೊಳ್ಳುತ್ತದೆ, ಚಕ್ರಗಳು ಒಳಸರಿದು ಮತ್ತೆ ಬಿಗಿಯಾಗುತ್ತವೆ. ಪ್ರಯಾಣಿಕರು ಕುಳಿತಲ್ಲಿಂದ ಏಳಬೇಕಾಗಿಲ್ಲ. ಕಾಲಡಿ ಸಣ್ಣ ಗಡಗಡ ಸದ್ದು ಕೇಳಿಸುತ್ತದೆ, ಆಮೇಲೆ ರೈಲು ವೇಗ ಹಿಡಿಯುತ್ತದೆ.

ಮ್ಯಾಡ್ರಿಡ್‌ನಿಂದ ಕೊರ್ಡೋಬಾಕ್ಕೆ ಹೋಗುವುದು 1992ರಲ್ಲಿ ಆರಂಭವಾದ ಸ್ಪೇನಿನ ಮೊದಲ ವೇಗದ ಮಾರ್ಗದಲ್ಲಿ. ಅಟೋಚಾ ನಿಲ್ದಾಣದಲ್ಲಿ ಸಾಮಾನುಗಳ ತಪಾಸಣೆ ಇರುವುದರಿಂದ ಸ್ವಲ್ಪ ಮುಂಚೆ ಹೋಗಬೇಕು. ಅಲ್ಲಿನ ಹಳೆಯ ರೈಲು ಛಾವಣಿಯ ಕೆಳಗೆ ಬೆಳೆಸಿರುವ ಉಷ್ಣವಲಯದ ತೋಟ ಕಾಯುವ ಹೊತ್ತನ್ನು ಹಗುರ ಮಾಡುತ್ತದೆ. ಕೊರ್ಡೋಬಾದ ಮಸೀದಿ-ಇಗರ್ಜಿಯ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅದು ಬೇರೆಯೇ ಲೇಖನ ಕೇಳುತ್ತದೆ.

ಆಂಟೆಕೇರಾದಲ್ಲಿ ರೈಲು ಬದಲಿಸಿ ರೋಂಡಾಕ್ಕೆ ಬಂದರೆ ಮೂರನೆಯ ಮಾರ್ಗ ಸಿಗುತ್ತದೆ. ಜಿಬ್ರಾಲ್ಟರ್‌ನ ಬ್ರಿಟಿಷರ ಓಡಾಟಕ್ಕೆಂದು ಬ್ರಿಟಿಷ್ ಬಂಡವಾಳದಿಂದಲೇ ಹಾಕಿದ ಈ ಒಂಟಿ ಹಳಿಯ ಹಾದಿ 1890ರ ದಶಕದ ಆರಂಭದಲ್ಲಿ ತೆರೆಯಿತು. ಇಂದಿಗೂ ಇದಕ್ಕೆ ವಿದ್ಯುತ್ ಬಂದಿಲ್ಲ. ರೋಂಡಾದಲ್ಲಿ 98 ಮೀಟರ್ ಆಳದ ಕಂದರಕ್ಕೆ ಅಡ್ಡಲಾಗಿ 1793ರಲ್ಲಿ ಮುಗಿದ ಕಲ್ಲಿನ ಸೇತುವೆಯನ್ನು ನೋಡಲು ಎಲ್ಲರೂ ಬರುತ್ತಾರೆ, ನೋಡಿ ವಾಪಸು ಹೋಗುತ್ತಾರೆ; ನಮ್ಮ ಪ್ಯಾಕೇಜೂ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿಂದ ಅಲ್ಹೆಸಿರಾಸ್ ಬಂದರಿನವರೆಗೆ ಎರಡು ಗಂಟೆಯೊಳಗಿನ ಇಳಿದಾರಿ ಗ್ವಾದಿಯಾರೊ ನದಿಯ ಜೊತೆಜೊತೆಗೆ ಸಾಗುತ್ತದೆ. ಬಿಳಿ ಸುಣ್ಣ ಬಳಿದ ಹಳ್ಳಿಗಳು, ಸುರಂಗಗಳು, ಸುಣ್ಣಕಲ್ಲಿನ ಗೋಡೆಗಳು, ಆಮೇಲೆ ಕಾರ್ಕ್ ಓಕ್ ಕಾಡು. ಕಾರ್ಕ್ ಮರದ ತೊಗಟೆಯನ್ನು ಒಂಬತ್ತು ವರ್ಷಕ್ಕೊಮ್ಮೆಯಷ್ಟೇ ಕೊಡಲಿಯಿಂದ ಸುಲಿಯುತ್ತಾರೆ. ಸುಲಿದ ಮರದ ಕಾಂಡ ಕೊಂಬೆ ಕವಲೊಡೆಯುವವರೆಗೆ ಕೆಂಗಂದು, ಅದರ ಮೇಲೆ ಬೂದು. ರೈಲಿನ ವೇಗ ಎಷ್ಟು ಕಡಿಮೆಯೆಂದರೆ ಹೊಸದಾಗಿ ಸುಲಿದ ಮರ ಯಾವುದು, ತೊಗಟೆ ಮತ್ತೆ ಬೆಳೆಯುತ್ತಿರುವ ಮರ ಯಾವುದು ಎಂದು ಕುಳಿತಲ್ಲೇ ಗುರುತಿಸಬಹುದು. ಈ ಹಳಿಯಲ್ಲಿ ದುರಸ್ತಿ ಕೆಲಸ ನಡೆಯುವಾಗ ರೈಲಿನ ಬದಲು ಬಸ್ಸು ಬಿಡುವುದುಂಟು. ಹೊರಡುವ ವಾರ ಒಮ್ಮೆ ವಿಚಾರಿಸಿಕೊಳ್ಳುವುದು ಅಗತ್ಯ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆದರಬೇಕಿಲ್ಲ, ಎಚ್ಚರ ಬೇಕು. ಪೋರ್ಚುಗಲ್‌ನ ಸೊಪ್ಪು-ಆಲೂಗಡ್ಡೆಯ ಕಾಲ್ದೊ ವೇರ್ದ್ ಸೂಪಿನಲ್ಲಿ ಹಂದಿಮಾಂಸದ ಚೂರು ತೇಲುತ್ತಿರುತ್ತದೆ, ಕೊರ್ಡೋಬಾದ ಸಾಲ್ಮೊರೇಹೊ ಎಂಬ ಟೊಮೇಟೊ ಸೂಪಿನ ಮೇಲೂ ಮೊಟ್ಟೆ ಮತ್ತು ಮಾಂಸ ಉದುರಿಸುತ್ತಾರೆ. ಎರಡನ್ನೂ ಅವಿಲ್ಲದೆ ಕೊಡಿ ಎಂದು ಮೊದಲೇ ಹೇಳಬೇಕು. ಕೊರ್ಡೋಬಾದಲ್ಲಿ ಕರಿದ ಬದನೆಕಾಯಿಯ ಮೇಲೆ ಕಬ್ಬಿನ ಜೋನಿ ಸುರಿದು ಕೊಡುತ್ತಾರೆ, ಬಹಳ ರುಚಿ. ಗಲೀಸಿಯಾದಲ್ಲಿ ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿದ ಪಾದ್ರೊನ್ ಮೆಣಸಿನಕಾಯಿ ಸಿಗುತ್ತದೆ. ಹೆಚ್ಚಿನವು ಸಪ್ಪೆ, ಅಲ್ಲೊಂದು ಇಲ್ಲೊಂದು ಖಾರ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದ ಮೆಣಸಿನಕಾಯಿಯನ್ನು ಅವರ ನೆರೆಯ ನಾಡಿನಲ್ಲಿ ಕೂತು ತಿನ್ನುವುದು ಸಂತೋಷದ ಸಂಗತಿ. ಸ್ಪೇನಿನ ಬಹಳಷ್ಟು ಹೋಟೆಲುಗಳಲ್ಲಿ ರಾತ್ರಿ ಎಂಟೂವರೆಗೆ ಮುಂಚೆ ಅಡುಗೆಮನೆ ತೆರೆಯುವುದಿಲ್ಲ. ಹೊತ್ತಿಗೆ ಸರಿಯಾಗಿ ಔಷಧಿ, ಊಟ ಬೇಕಾದ ಹಿರಿಯರು ಜೊತೆಯಲ್ಲಿದ್ದರೆ ಸಂಜೆಗೆ ಏನಾದರೂ ಕಟ್ಟಿಕೊಂಡಿರಬೇಕು.

ಸಂಸ್ಥೆಯ ಸೇವೆಯಲ್ಲಿ ಹೋಟೆಲುಗಳ ಆಯ್ಕೆ ಚೆನ್ನಾಗಿತ್ತು, ಎಲ್ಲವೂ ನಿಲ್ದಾಣಗಳಿಗೆ ಸಮೀಪ. ವೀಸಾ ಕಾಗದಗಳನ್ನು ಶ್ರದ್ಧೆಯಿಂದ ಮಾಡಿಸಿಕೊಟ್ಟರು. ಒಂದೇ ಷೆಂಗೆನ್ ವೀಸಾ ಎರಡೂ ದೇಶಗಳಿಗೆ ಸಾಕು, ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಆದರೆ ಪೋರ್ಚುಗಲ್‌ನ ರೈಲುಗಳಲ್ಲಿ 65 ದಾಟಿದವರಿಗೆ ಅರ್ಧ ದರವಿದ್ದರೂ ನಮ್ಮ ಹಿರಿಯರಿಗೆ ಪೂರ್ತಿ ದರದ ಟಿಕೆಟ್ ಹಾಕಿದ್ದರು. ಕೊಳ್ಳುವ ಮುಂಚೆ ಅವರನ್ನು ಮೂರು ವಿಷಯ ಕೇಳಬೇಕು: ಡೌರೊ ಮಾರ್ಗದಲ್ಲಿ ಪಿನ್ಯಾವ್‌ನ ಆಚೆಗೆ ರೈಲಿನಲ್ಲೇ ಹೋಗುತ್ತೇವೆಯೇ, ರೋಂಡಾದಿಂದ ಅಲ್ಹೆಸಿರಾಸ್‌ಗೆ ಇಳಿಯುತ್ತೇವೆಯೇ, ಹಿರಿಯರ ರಿಯಾಯಿತಿ ಲೆಕ್ಕಕ್ಕೆ ಬಂದಿದೆಯೇ. ಜುಲೈ ಮತ್ತು ಆಗಸ್ಟ್‌ನಲ್ಲಿ ಕೊರ್ಡೋಬಾದ ಬಿಸಿಲು 40 ಡಿಗ್ರಿ ದಾಟುತ್ತದೆ, ಡೌರೊ ಕಣಿವೆಯೂ ಕಾಯುತ್ತದೆ. ಏಪ್ರಿಲ್, ಮೇ ಒಳ್ಳೆಯ ತಿಂಗಳು. ದ್ರಾಕ್ಷಿ ಕೊಯ್ಲನ್ನು ರೈಲಿನ ಕಿಟಕಿಯಿಂದಲೇ ನೋಡಬೇಕೆನ್ನುವವರು ಸೆಪ್ಟೆಂಬರ್‌ಗೆ ಹೊರಡಬೇಕು, ಪಿನ್ಯಾವ್‌ನ ಕೋಣೆಯನ್ನು ಮಾತ್ರ ಬಹಳ ಮುಂಚೆಯೇ ಕಾಯ್ದಿರಿಸಿಕೊಳ್ಳಬೇಕು.