ಲಂಡನ್ನಿನ ಪುಕ್ಕಟೆ, ಪ್ಯಾರಿಸ್ಸಿನ ಮಗ್ಗ

ಲಂಡನ್ನಿನ ಸೈನ್ಸ್ ಮ್ಯೂಸಿಯಂ ನೋಡಲು ಒಂದು ಪೈಸೆ ಕೊಡಬೇಕಿಲ್ಲ. ಪ್ಯಾರಿಸ್ಸಿನಲ್ಲಿರುವ ಹಳೆಯ ಯಂತ್ರಗಳ ಮ್ಯೂಸಿಯಂ ‘ಮ್ಯೂಜೆ ದೆಸ್ ಆರ್ ಎ ಮೆತಿಯೆ’ ನೋಡಲು ನನಗೂ ಹೆಂಡತಿಗೂ ವೀಸಾ ಶುಲ್ಕವೇ 180 ಯೂರೊ ಆಯಿತು. ಬ್ರಿಟನ್ನಿನ ವೀಸಾ ಅಲ್ಲಿ ನಡೆಯುವುದಿಲ್ಲ. ರೈಲು, ಹೋಟೆಲು, ಟಿಕೆಟು ಬೇರೆ. ಆದರೂ ಮತ್ತೊಮ್ಮೆ ಹೋಗುವುದಾದರೆ ನಾನು ಪ್ಯಾರಿಸ್ಸಿಗೇ ಹೋಗುವವನು.

ಸೊಲ್ಲಾಪುರದಲ್ಲಿ ನಮ್ಮದು ಚಾದರದ ಕಸುಬು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶೆಡ್ಡಿನಲ್ಲಿ ತೆಲುಗು. ಮಗಳು ಲಂಡನ್ನಿನಲ್ಲಿದ್ದಾಳೆ. ಹೀಗಾಗಿ ಅಲ್ಲಿಯ ಮ್ಯೂಸಿಯಂಗೆ ಮೂರು ಸಲ ಹೋಗಿಬಂದೆ. ಅಪೊಲೊ 10ರ ನೌಕೆಯನ್ನು ಕೈಯಳತೆಯಲ್ಲಿ ನೋಡಿದೆ. ಆರ್ಕ್‌ರೈಟ್ 1769ರಲ್ಲಿ ಮಾಡಿದ ನೂಲುವ ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಂತೆ. ಚಾರ್ಲ್ಸ್ ಬ್ಯಾಬೇಜ್ ಕಾಗದದಲ್ಲೇ ಬಿಟ್ಟುಹೋದ ಲೆಕ್ಕದ ಯಂತ್ರವನ್ನು ಆ ಮ್ಯೂಸಿಯಂನವರೇ ಕಟ್ಟಿ ನಿಲ್ಲಿಸಿದ್ದಾರೆ. ಲೆಕ್ಕ ಮಾಡುವ ಭಾಗ 1991ರಲ್ಲಿ, ಅವನು ಹುಟ್ಟಿ ಇನ್ನೂರು ವರ್ಷವಾದಾಗ ಮುಗಿಯಿತು. ಮುದ್ರಿಸುವ ಭಾಗ 2002ರಲ್ಲಿ. ಒಟ್ಟು ಐದು ಟನ್ ಲೋಹ. ಬ್ಯಾಬೇಜನ ಅರ್ಧ ಮಿದುಳನ್ನೂ ಅಲ್ಲೇ ಇಟ್ಟಿದ್ದಾರೆ. ಅದನ್ನು ನೋಡಿ ಬಂದ ದಿನ ನನ್ನ ಹೆಂಡತಿ ರಾತ್ರಿ ಊಟ ಮಾಡಲಿಲ್ಲ.

ಅದೇ ಬ್ಯಾಬೇಜ್ ತನ್ನ ಮುಂದಿನ ಯಂತ್ರಕ್ಕೆ ತೂತು ಹೊಡೆದ ಕಾರ್ಡುಗಳನ್ನು ಬಳಸುವ ಉಪಾಯವನ್ನು ಬಟ್ಟೆಯಲ್ಲಿ ಚಿತ್ರ ನೇಯುವ ಜಕಾರ್ಡ್ ಮಗ್ಗದಿಂದ ಎತ್ತಿಕೊಂಡವನು. ಅವನ ಬಳಿ, ಆ ಮಗ್ಗಕ್ಕೆ ಹೆಸರು ಕೊಟ್ಟ ಜಕಾರ್ಡನ ರೇಷ್ಮೆಯಲ್ಲಿ ನೇಯ್ದ ಭಾವಚಿತ್ರವಿತ್ತಂತೆ. ಅದಕ್ಕೆ ಸುಮಾರು 24,000 ಕಾರ್ಡು. ನಮ್ಮ ಚಾದರದ ನವಿಲಿಗೆ ಕೆಲವು ನೂರು ಸಾಕು. ಇದನ್ನು ಓದಿದ ಮೇಲೆಯೇ, ಆ ಮಗ್ಗದ ಮೂಲವನ್ನು ನೋಡಬೇಕೆಂದು ಪ್ಯಾರಿಸ್ಸಿನ ಹುಚ್ಚು ಹಿಡಿದದ್ದು.

ಈಗ ಆ ಸೋಮವಾರದ ಕಥೆ. ನಮ್ಮ ಕಡೆಯ ಒಬ್ಬ ಟ್ರಾವೆಲ್ ಏಜೆಂಟ್ ಎರಡು ದಿನದ ಪಟ್ಟಿ ಬರೆದುಕೊಟ್ಟಿದ್ದ: ಸೋಮವಾರ ನನ್ನ ಮ್ಯೂಸಿಯಂ, ಮಂಗಳವಾರ ಹೆಂಡತಿಗಾಗಿ ಲೂವ್ರ್ ಎಂಬ ಚಿತ್ರಕಲೆಯ ಮ್ಯೂಸಿಯಂ, ಸಂಜೆ ವಾಪಸ್ ರೈಲು. ಆರ್ ಎ ಮೆತಿಯೆ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಗೋಡೆಯೆಲ್ಲ ತಾಮ್ರದ ತಗಡು, ದುಂಡನೆಯ ಕಿಟಕಿಗಳು, ಜಲಾಂತರ್ಗಾಮಿಯ ಹೊಟ್ಟೆಯಂತೆ. ಉತ್ಸಾಹದಿಂದ ಮೆಟ್ಟಿಲು ಹತ್ತಿ ಹೋದರೆ ಬಾಗಿಲು ಮುಚ್ಚಿತ್ತು. ಸೋಮವಾರ ರಜೆ.

“ಹಾಗಾದರೆ ಈಗಲೇ ಲೂವ್ರ್‌ಗೆ ಹೋಗೋಣ ನಡೆಯಿರಿ,” ಎಂದಳು. ನಾನು ಒಪ್ಪಲಿಲ್ಲ. ಪಟ್ಟಿಯಲ್ಲಿ ನಾಳೆ ಎಂದಿದೆಯಲ್ಲ, ಇಂದು ಊರು ಸುತ್ತೋಣ ಎಂದೆ. ನದಿಯ ದಂಡೆಯ ಬೆಂಚಿನ ಮೇಲೆ ಕುಳಿತು ಕಟಕ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ರಾತ್ರಿ ಹೋಟೆಲಿನಲ್ಲಿ ಮೊಬೈಲ್ ತೆರೆದು ನೋಡಿದಾಗ ತಿಳಿಯಿತು: ಲೂವ್ರ್‌ಗೆ ಮಂಗಳವಾರ ರಜೆ.

ಏಜೆಂಟ್ ಆ ಎರಡು ಸಾಲುಗಳನ್ನು ಹಿಂದುಮುಂದು ಬರೆದಿದ್ದರೆ ಸಾಕಿತ್ತು, ಎರಡೂ ಆಗುತ್ತಿದ್ದವು. ಮರುದಿನ ತೆರೆದಿದ್ದದ್ದು ನನ್ನ ಮ್ಯೂಸಿಯಂ ಮಾತ್ರ. ಮೊನಾಲಿಸಾಳನ್ನು ನೋಡಲು ಬಂದವಳು ಮಗ್ಗದ ಮುಂದೆ ಕುಳಿತಳು. ಸೊಲ್ಲಾಪುರದಲ್ಲಿ ಇವೇನು ಕಡಿಮೆಯೇ ಎಂದು ಒಂದೇ ಮಾತು ಕೇಳಿ ಸುಮ್ಮನಾದಳು.

ಕಡಿಮೆಯೇನಿಲ್ಲ, ನಿಜ. ಆದರೆ ನಮ್ಮ ಜಕಾರ್ಡ್ ಯಂತ್ರದಲ್ಲಿ ಕಾರ್ಡುಗಳ ಸರವನ್ನು ತಿರುಗಿಸುವ ದಿಮ್ಮಿ ಇರುತ್ತದಲ್ಲ, ನಾಲ್ಕು ಮುಖದ್ದು, ಅದನ್ನು ಎಲ್ಲರೂ ಸಿಲಿಂಡರ್ ಎನ್ನುತ್ತಾರೆ. ಚೌಕಕ್ಕೆ ಸಿಲಿಂಡರ್ ಎಂಬ ಹೆಸರೇಕೆ? ಮೂವತ್ತು ವರ್ಷಗಳಿಂದ ನಾನು ಕೇಳದ ಮಿಸ್ತ್ರಿ ಇಲ್ಲ. ಈ ಮ್ಯೂಸಿಯಂನಲ್ಲಿ ವೊಕಾನ್ಸನ್ ಎಂಬ ಫ್ರೆಂಚ್ ಯಂತ್ರಕಾರ 1740ರ ದಶಕದಲ್ಲಿ ಮಾಡಿದ ಮಗ್ಗವಿದೆ. ಅದರ ತಲೆಯ ಮೇಲೆ ತೂತುಗಳಿರುವ ನಿಜವಾದ ದುಂಡನೆಯ ಸಿಲಿಂಡರ್! ಇದನ್ನು ನೋಡಿಯೇ ಲಿಯೊನಿನ ಜಕಾರ್ಡ್ 1804ರ ಹೊತ್ತಿಗೆ ದುಂಡನ್ನು ಚೌಕ ಮಾಡಿ, ಕಾರ್ಡುಗಳ ಸರ ಹಾಕಿದ. ತೂತಿದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಕೊಕ್ಕೆ ಏಳುತ್ತದೆ, ಹಾಸಿನ ನೂಲು ಮೇಲೆ ಬರುತ್ತದೆ, ತೂತಿಲ್ಲದಿದ್ದರೆ ಇಲ್ಲ. ದುಂಡು ಹೋದರೂ ಹೆಸರು ಉಳಿದುಕೊಂಡಿರಬೇಕು. ಅಲ್ಲೇ ನಿಂತು ಶೆಡ್ಡಿನ ಮಿಸ್ತ್ರಿಗೆ ಫೋಟೊ ಕಳಿಸಿದೆ. ಅವನು ತಿರುಗಿ ಕೇಳಿದ್ದು, ಅದಕ್ಕೆ ಎಣ್ಣೆ ಯಾರು ಹಾಕುತ್ತಾರೆ ಎಂದು.

ಭಾಷೆಯ ತೊಂದರೆ ಲಂಡನ್ನಿನಲ್ಲಿ ಇರಲಿಲ್ಲ, ಇಲ್ಲಿ ಇತ್ತು. ಫಲಕಕ್ಕೆ ಮೊಬೈಲ್ ಹಿಡಿದರೆ ಮಗ್ಗ ಎಂದಿರಬೇಕಾದಲ್ಲೆಲ್ಲ ‘ವೃತ್ತಿ’ ಎಂದು ಬರುತ್ತಿತ್ತು. ಫ್ರೆಂಚಿನಲ್ಲಿ ಎರಡಕ್ಕೂ ‘ಮೆತಿಯೆ’ ಎಂಬ ಒಂದೇ ಪದವಂತೆ.

ಮಕ್ಕಳಿದ್ದರೆ ಲಂಡನ್ ವಾಸಿ. ಹಳೆಯ ಚರ್ಚಿನೊಳಗೆ ತೂಗುತ್ತ ಭೂಮಿ ತಿರುಗುವುದನ್ನು ತೋರಿಸುವ ಫೂಕೋನ ಲೋಲಕ, 1909ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಬ್ಲೆರಿಯೊನ ವಿಮಾನ ಬೇಕಾದರೆ ಪ್ಯಾರಿಸ್. ಅರ್ಧ ದಿನ ಸಾಕು, ಕಾಲು ನೋಯುವುದಿಲ್ಲ. ನನಗಂತೂ ಆ ಸಿಲಿಂಡರಿಗೇ 180 ಯೂರೊ ವಸೂಲಾಯಿತು.

ಹೆಂಡತಿಗೆ ಆಗಿಲ್ಲ. ಮುಂದಿನ ಸಲದ ಪಟ್ಟಿಯನ್ನು ಅವಳೇ ಬರೆಯುತ್ತಾಳಂತೆ: ಸೋಮವಾರ ಲೂವ್ರ್, ಮಂಗಳವಾರ ಮಗ್ಗ, ಅದೂ ಸಮಯ ಉಳಿದರೆ.