ಟ್ರೇಡ್‌ಮಾರ್ಕ್ ಆನ್‌ಲೈನ್ ಸೇವೆ: ಹುಡುಕಾಟ ಉತ್ತಮ, ಕನ್ನಡಿಗರಿಗೆ ಭಾಷೆಯೇ ತೊಡಕು

ವ್ಯಾಪಾರದ ಹೆಸರು, ಗುರುತುಗಳನ್ನು ನೋಂದಾಯಿಸುವ ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಸಣ್ಣ ಉದ್ದಿಮೆದಾರರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅರ್ಜಿ ಸಲ್ಲಿಕೆಗಿಂತಲೂ ಅದಕ್ಕೆ ಮೊದಲು, ಅಂಥದೇ ಹೆಸರು ಬೇರೆಯವರದಾಗಿ ಈಗಾಗಲೇ ಇದೆಯೇ ಎಂದು ನೋಡಲು ಮಾಡಬೇಕಾದ ಉಚಿತ ಹುಡುಕಾಟ ಎಂಬುದು, ನಮ್ಮ ಮನೆಯ ಸಾಂಬಾರ್ ಪುಡಿ ಮತ್ತು ಉಪ್ಪಿನಕಾಯಿ ವ್ಯಾಪಾರದ ಹೆಸರಿಗೆ ಅರ್ಜಿ ಹಾಕಿದ ಮೇಲೆ ನಾನು ತಳೆದ ಅಭಿಪ್ರಾಯ.

ಈ ಹುಡುಕಾಟವನ್ನು ತಾಳ್ಮೆಯಿಂದ ಮಾಡಬೇಕು. ಕಾವೇರಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಅದನ್ನು 'ಕೆ' ಅಕ್ಷರದಿಂದಲೂ ಬರೆಯುತ್ತಾರೆ, 'ಸಿ' ಅಕ್ಷರದಿಂದಲೂ ಬರೆಯುತ್ತಾರೆ. ಅಕ್ಷರ ಹೊಂದಿಸಿ ಹುಡುಕಿದರೆ ಒಂದು ಸಿಕ್ಕಾಗ ಇನ್ನೊಂದು ತಪ್ಪಿಹೋಗುತ್ತದೆ. ಆದರೆ 1999ರ ಟ್ರೇಡ್‌ಮಾರ್ಕ್ ಕಾಯಿದೆಯ 11ನೇ ಸೆಕ್ಷನ್ ಗ್ರಾಹಕರಿಗೆ ಗೊಂದಲವಾಗುತ್ತದೆಯೇ ಎಂಬುದನ್ನು ನೋಡುತ್ತದೆಯಾದ್ದರಿಂದ, ಕಿವಿಗೆ ಒಂದೇ ಬಗೆಯಾಗಿ ಕೇಳಿಸುವ ಹೆಸರೂ ಅಡ್ಡ ಬರಬಹುದು. ಇದಕ್ಕೆಂದೇ ಉಚ್ಚಾರಣೆ ಆಧರಿಸಿದ ಹುಡುಕಾಟ ಪ್ರತ್ಯೇಕವಾಗಿದೆ, ಅದನ್ನು ಬಿಡಲೇಬಾರದು. ಸರಕು-ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದು, ಸಾಂಬಾರ್ ಪುಡಿ 30ರಲ್ಲಿ, ಉಪ್ಪಿನಕಾಯಿ 29ರಲ್ಲಿ ಬರುವುದರಿಂದ ಎರಡರಲ್ಲೂ ಹುಡುಕಬೇಕು.

ಶುಲ್ಕವೂ ವರ್ಗದ ಲೆಕ್ಕದಲ್ಲಿಯೇ. ಟಿಎಂ-ಎ ಎಂಬ ನೋಂದಣಿ ಅರ್ಜಿಯ ನಮೂನೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ವ್ಯಕ್ತಿಗಳು, ಸ್ಟಾರ್ಟಪ್‌ಗಳು ಮತ್ತು ಸಣ್ಣ ಉದ್ದಿಮೆಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000 ರೂಪಾಯಿ. ಈ ರಿಯಾಯಿತಿ ನಿಜಕ್ಕೂ ದೊಡ್ಡ ನೆರವು.

ಕೊರತೆ ಇರುವುದು ಭಾಷೆಯಲ್ಲಿ. ಲೇಬಲ್ ಕನ್ನಡ ಲಿಪಿಯಲ್ಲಿದ್ದರೆ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು. ಕನ್ನಡ ಮಾತ್ರ ಓದಬಲ್ಲ ಹೆಣ್ಣುಮಗಳು ತನ್ನದೇ ಹೆಸರಿನ ಹಕ್ಕಿಗಾಗಿ ಏಜೆಂಟರನ್ನು ಅವಲಂಬಿಸಬೇಕಾಗುವುದು ನನಗೆ ಬಹಳ ಬೇಸರದ ಸಂಗತಿ.

ಅರ್ಜಿಯ ಸ್ಥಿತಿ ನೋಡುವ ಪುಟ ಮಾತ್ರ ಮೆಚ್ಚತಕ್ಕದ್ದು. ಅರ್ಜಿಯನ್ನು ಪರಿಶೀಲಿಸಿದ ಅಧಿಕಾರಿ ತಮ್ಮ ಆಕ್ಷೇಪಗಳನ್ನು ತಿಳಿಸುವ ಪರೀಕ್ಷಾ ವರದಿ ಬಂದಿದ್ದರೆ ಅಲ್ಲಿಯೇ ಓದಬಹುದು; ವರದಿ ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕಾದ್ದರಿಂದ ಇದು ಮುಖ್ಯ. ಅರ್ಜಿಯು ಇಲಾಖೆಯ ಅಧಿಕೃತ ಪತ್ರಿಕೆಯಾದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಬಳಿಕ ನಾಲ್ಕು ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ ನೋಂದಣಿಗೆ ದಾರಿ ತೆರೆಯುತ್ತದೆ. ಅದರ ಅವಧಿ 10 ವರ್ಷ, ಬಳಿಕ ನವೀಕರಿಸಬಹುದು. ಅರ್ಜಿ ಹಾಕಿದೊಡನೆ 'ಟಿಎಂ' ಗುರುತು ಬಳಸಬಹುದಾದರೂ, ವೃತ್ತದೊಳಗಿನ 'ಆರ್' ಗುರುತನ್ನು ನೋಂದಣಿಯಾಗುವ ಮೊದಲು ಮುದ್ರಿಸುವುದು ಕಾಯಿದೆಗೆ ವಿರುದ್ಧ.

ಏಜೆಂಟರ ಮೂಲಕ ಹೋಗುವವರು ಅರ್ಜಿ ಸಂಖ್ಯೆಯನ್ನು ಅಂದೇ ಕೇಳಿ ಪಡೆದು, ಮಾಲೀಕರ ಹೆಸರು ಮತ್ತು ವರ್ಗ ಸರಿಯಾಗಿ ನಮೂದಾಗಿವೆಯೇ ಎಂದು ಅರ್ಜಿಯ ಸ್ಥಿತಿ ನೋಡುವ ಪುಟದಲ್ಲಿ ತಾವೇ ನೋಡಿಕೊಳ್ಳಬೇಕು.