ಕೋಕ್ ಓವನ್ ಜಾಗದ ಮಣ್ಣು ಪರೀಕ್ಷೆ: ಲ್ಯಾಬ್ ಗಟ್ಟಿ, ಮಣ್ಣು ತೆಗೆಯುವ ಕೆಲಸ ಸಡಿಲ

ಕೋಕ್ ಓವನ್, ಡಾಂಬರು ತೊಟ್ಟಿ, ಕಲ್ಲಿದ್ದಲು ಯಾರ್ಡ್ ಇದ್ದ ಜಾಗಗಳಿಗೆ ಬಂದು ತಾವೇ ಮಣ್ಣು ತೆಗೆದು ಪರೀಕ್ಷಿಸಿ ಕೊಡುವ ಖಾಸಗಿ ಲ್ಯಾಬ್ ಸೇವೆಯೊಂದು ಬಳ್ಳಾರಿ, ಕೊಪ್ಪಳದ ಕಡೆಗೂ ಸಿಗುತ್ತದೆ. ಲ್ಯಾಬಿನೊಳಗಿನ ಕೆಲಸಕ್ಕೆ ಐದಕ್ಕೆ ನಾಲ್ಕು ಅಂಕ. ಜಾಗದಲ್ಲಿ ಮಣ್ಣು ತೆಗೆಯುವ ಕೆಲಸಕ್ಕೆ ಎರಡು ಕೊಟ್ಟರೂ ಹೆಚ್ಚೇ.

ಗಾಳಿ ತಾಗದಂತೆ ಕಲ್ಲಿದ್ದಲನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕೋಕ್ (ಉಕ್ಕಿನ ಕುಲುಮೆಗೆ ಹಾಕುವ ಇಂಧನ) ಮಾಡುವಾಗ ಹೊರಬೀಳುವ ಡಾಂಬರಿನಲ್ಲಿ ಪಿಎಎಚ್ ಎಂಬ ಹೈಡ್ರೋಕಾರ್ಬನ್‌ಗಳು ತುಂಬಿರುತ್ತವೆ. ಇವುಗಳಲ್ಲಿ ಬೆಂಜೊ-ಎ-ಪೈರೀನ್ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1ನೇ ಗುಂಪಿಗೆ ಸೇರಿಸಿದೆ. ಈ ಲ್ಯಾಬ್ ಸಾಕ್ಸ್‌ಲೆಟ್ ವಿಧಾನದಲ್ಲಿ ಹೆಕ್ಸೇನ್, ಅಸಿಟೋನ್ ಎಂಬ ದ್ರಾವಕಗಳನ್ನು ಬಳಸಿ ಮಣ್ಣಿನಿಂದ ಅವನ್ನು ಹೊರತೆಗೆದು, ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಯಂತ್ರದಲ್ಲಿ 16 ಪಿಎಎಚ್‌ಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಮೊದಲೇ ಬೆರೆಸಿದ ಗುರುತಿನ ರಾಸಾಯನಿಕ ಎಷ್ಟು ಪಾಲು ವಾಪಸ್ ಸಿಕ್ಕಿತು ಎಂಬುದನ್ನೂ ಮುಚ್ಚಿಡದೆ ಮುದ್ರಿಸುತ್ತದೆ. ಆ ಶೇಕಡಾವಾರು ತೀರ ಕಡಿಮೆಯಿದ್ದರೆ ಉಳಿದ ಅಂಕಿಗಳನ್ನು ನಂಬುವಂತಿಲ್ಲ.

ಎಡವಟ್ಟು ಶುರುವಾಗುವುದು ಗುದ್ದಲಿ ಹಿಡಿದಲ್ಲಿ. ಬೆಳೆಗೆ ಗೊಬ್ಬರ ಲೆಕ್ಕ ಹಾಕುವವರಂತೆ ಮೇಲಿನ 15 ಸೆಂ.ಮೀ. ಮಣ್ಣನ್ನಷ್ಟೇ ಕೆರೆದು, ನಾಲ್ಕಾರು ಕಡೆಯದ್ದನ್ನು ಬುಟ್ಟಿಯಲ್ಲಿ ಕಲಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಾರೆ. ಇದರಲ್ಲಿ ತಪ್ಪು ಮೂರು. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಆಳಕ್ಕೆ ಬಿರುಕು ಬಿಡುತ್ತದೆ. ಡಾಂಬರು ನೀರಿಗಿಂತ ಭಾರ, ಆ ಬಿರುಕುಗಳಲ್ಲೇ ಇಳಿದು ಕೆಳಗಿನ ಗರಸಿನ ಮೇಲೆ ನಿಲ್ಲಬಹುದು. ಹೀಗಾಗಿ ಆಗರ್‌ನಿಂದ ಹಂತಹಂತವಾಗಿ ಗರಸು ಸಿಗುವವರೆಗೂ ಕೊರೆದು, ಪ್ರತಿ ಹಂತದ ಮಣ್ಣನ್ನು ಬೇರೆ ಇಡಬೇಕು. ಇನ್ನು ಕಲಸಿದರೆ ಪಿಎಎಚ್‌ಗಳಲ್ಲೊಂದಾದ ನ್ಯಾಫ್ತಲೀನ್ ಆವಿಯಾಗಿ ಹೋಗುತ್ತದೆ, ಬಳ್ಳಾರಿ ಬಿಸಿಲಿನಲ್ಲಂತೂ ಬಲು ಬೇಗ. ಪ್ಲಾಸ್ಟಿಕ್ ತಾನೇ ಹೈಡ್ರೋಕಾರ್ಬನ್ ಹೀರುತ್ತದೆ. ಕಂದು ಗಾಜಿನ ಬಾಟಲಿ, ಟೆಫ್ಲಾನ್ ಒಳಪದರದ ಮುಚ್ಚಳ, 4 ಡಿಗ್ರಿಯ ಐಸ್ ಪೆಟ್ಟಿಗೆ ಬೇಕೇಬೇಕು. 14 ದಿನದೊಳಗೆ ಸಾಕ್ಸ್‌ಲೆಟ್‌ಗೆ ಹಾಕಬೇಕು. ಮಣ್ಣು ತೆಗೆಯುವ ಹುಡುಗರ ಕೈಗೆ ಗ್ಲೌಸ್ ಕೊಡದಿರುವುದಂತೂ ಸಹಿಸುವಂಥದ್ದಲ್ಲ: ಡಾಂಬರು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಉರಿಯುತ್ತದೆ.

ಹಣ ಕಟ್ಟುವ ಮೊದಲು, ಲ್ಯಾಬ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಯಾವ ಪರೀಕ್ಷೆಗಳಿಗಿದೆ ಎಂಬ ಪಟ್ಟಿ ಕೇಳಿ. ನೀರಿನ ಪಿಎಎಚ್ ಪರೀಕ್ಷೆಗೆ ಮಾನ್ಯತೆ ಇದ್ದರೆ ಅದು ಮಣ್ಣಿಗೆ ಅನ್ವಯಿಸುವುದಿಲ್ಲ. ಫಲಿತಾಂಶ ಒಣ ತೂಕದ ಲೆಕ್ಕದಲ್ಲಿರಲಿ. ಶೇ. 30 ತೇವವಿರುವ ಎರೆ ಮಣ್ಣಿನಲ್ಲಿ ಕೆ.ಜಿ.ಗೆ 7 ಮಿ.ಗ್ರಾಂ ಎಂದು ಬಂದದ್ದು ಒಣ ಲೆಕ್ಕಕ್ಕೆ 10 ಆಗುತ್ತದೆ. ‘ಪತ್ತೆಯಾಗಿಲ್ಲ’ ಎಂದು ಬರೆದಲ್ಲೆಲ್ಲ ಪತ್ತೆಯ ಕನಿಷ್ಠ ಮಿತಿಯನ್ನೂ ಬರೆಸಿಕೊಳ್ಳಿ.

ಯಾರ್ಡಿನ ಮಣ್ಣಾದರೆ ಇನ್ನೊಂದು ಬೇಡಿಕೆ ಇಡಿ. ಕಲ್ಲಿದ್ದಲಿನ ಪುಡಿಯಲ್ಲೇ ಪಿಎಎಚ್ ಇರುತ್ತದೆ, ಆದರೆ ಅದರ ಬಹುಪಾಲು ಕಣದೊಳಗೆ ಸಿಕ್ಕಿಕೊಂಡಿರುತ್ತದೆ, ಡಾಂಬರಿನದ್ದರಷ್ಟು ಸುಲಭವಾಗಿ ನೀರಿಗೆ ಇಳಿಯುವುದಿಲ್ಲ. ಎರಡನ್ನೂ ಬೇರ್ಪಡಿಸಿ ನೋಡಲು ನ್ಯಾಫ್ತಲೀನ್‌ನ ಹತ್ತಿರದ ಸಂಬಂಧಿಗಳಾದ ಮೀಥೈಲ್ ನ್ಯಾಫ್ತಲೀನ್‌ಗಳ ಅಳತೆ ನೆರವಾಗುತ್ತದೆ. ಹಸಿ ಕಲ್ಲಿದ್ದಲಿನಲ್ಲಿ ನ್ಯಾಫ್ತಲೀನ್‌ಗಿಂತ ಅವೇ ಹೆಚ್ಚಿರುವುದು ಸಾಮಾನ್ಯ, ಡಾಂಬರಿನಲ್ಲಿ ನ್ಯಾಫ್ತಲೀನ್ ಮೇಲುಗೈ. ಆ 16ರ ಪಟ್ಟಿಯಲ್ಲಿ ಮೀಥೈಲ್ ನ್ಯಾಫ್ತಲೀನ್‌ಗಳಿಲ್ಲ, ಕೇಳಿದರಷ್ಟೇ ಅಳೆಯುತ್ತಾರೆ.